ಒಂದೇ ತೋಪಿಗೆ ಇಬ್ಬರು ಕಾವಲುಗಾರರು: ಗಣಕ ರಕ್ಷಣೆಯ ಇತಿಹಾಸದಿಂದ ಒಂದು ಪಾಠ

ಶ್ರೀನಿವಾಸಪುರದ ಕಡೆಯ ಒಂದು ಮಾವಿನ ತೋಪನ್ನು ಮನಸ್ಸಿಗೆ ತಂದುಕೊಳ್ಳಿ. ಕಾಯಿ ಬಲಿತು ಕೊಯ್ಲಿಗೆ ಬಂದಿದೆ. ಯಜಮಾನರು ರಾತ್ರಿ ಕಾವಲಿಗೆ ಒಬ್ಬನನ್ನು ಇಟ್ಟಿದ್ದಾರೆ. ಅವನೊಬ್ಬ ಸಾಲದೆಂದು, ಅವನಿಗೆ ಒಂದು ಮಾತೂ ಹೇಳದೆ, ಇನ್ನೊಬ್ಬನನ್ನೂ ನೇಮಿಸುತ್ತಾರೆ. ಇಬ್ಬರೂ ನಂಬಿಗಸ್ತರು, ಇಬ್ಬರೂ ಗಟ್ಟಿಗರು. ಕತ್ತಲಲ್ಲಿ ತರಗೆಲೆ ಸದ್ದಾಗುತ್ತದೆ. ಮೊದಲನೆಯವನು ಎರಡನೆಯವನನ್ನು ಕಳ್ಳನೆಂದು ತಿಳಿದು ಹಿಡಿಯುತ್ತಾನೆ. ಎರಡನೆಯವನೂ ಹಾಗೆಯೇ ತಿಳಿದು ದೊಣ್ಣೆ ಎತ್ತುತ್ತಾನೆ. ಇವರಿಬ್ಬರೂ ಹೊರಳಾಡುತ್ತಿರುವಾಗ ಬೇಲಿಯ ಆ ಬದಿಯಲ್ಲಿ ನಿಜವಾದ ಕಳ್ಳ ಮೂಟೆ ಕಟ್ಟುತ್ತಾನೆ.

ನಮ್ಮ ಗಣಕಯಂತ್ರಗಳಲ್ಲಿ ಎರಡು ಆಂಟಿವೈರಸ್ ತಂತ್ರಾಂಶಗಳನ್ನು ಒಟ್ಟಿಗೆ ಹಾಕಿದಾಗ ಆಗುವುದೂ ಇದೇ. "ಒಂದಿದ್ದರೆ ಒಳ್ಳೆಯದು, ಎರಡಿದ್ದರೆ ಇನ್ನೂ ಒಳ್ಳೆಯದು" ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಮಾಸ್ತಿಯಲ್ಲಾಗಲಿ, ಮಾಲೂರಿನಲ್ಲಾಗಲಿ, ಒಂದು ಶಾಲೆಯ ಕಂಪ್ಯೂಟರ್ ಕೊಠಡಿಯನ್ನೋ ಒಂದು ಸಂಘದ ಕಚೇರಿಯನ್ನೋ ನೆನೆಯಿರಿ. ವಿದ್ಯಾರ್ಥಿವೇತನದ ಅರ್ಜಿಗೆ ನಾಳೆಯೇ ಕಡೆಯ ದಿನ. ನೂರು ಮಕ್ಕಳ ಹೆಸರು, ಅಂಕ, ಬ್ಯಾಂಕ್ ಖಾತೆಯ ಸಂಖ್ಯೆ ಎಲ್ಲವೂ ಒಂದೇ ಫೈಲಿನಲ್ಲಿವೆ. ಆ ಹೊತ್ತಿಗೆ ಗಣಕ ಸ್ತಬ್ಧವಾದರೆ, ಅಥವಾ ಒಂದು ಕಾವಲು ತಂತ್ರಾಂಶ ಆ ಫೈಲನ್ನೇ ಅನುಮಾನಿಸಿ ಬಂಧನದಲ್ಲಿಟ್ಟರೆ, ನಷ್ಟ ಯಂತ್ರಕ್ಕಲ್ಲ, ಮಕ್ಕಳಿಗೆ.

ಇದಕ್ಕೆ ಪರಿಹಾರ ಉಂಟು. ಅದಕ್ಕೆ ಇಂಗ್ಲಿಷಿನಲ್ಲಿ 'ಎಕ್ಸ್‌ಕ್ಲೂಷನ್' ಎನ್ನುತ್ತಾರೆ. ನಾವು 'ವಿನಾಯಿತಿ' ಎನ್ನೋಣ. "ಇವನು ನಮ್ಮವನು, ಇವನನ್ನು ತಡೆಯಬೇಡ" ಎಂದು ಒಬ್ಬ ಕಾವಲುಗಾರನಿಗೆ ಇನ್ನೊಬ್ಬನನ್ನು ಪರಿಚಯಿಸುವುದೇ ವಿನಾಯಿತಿ. ಕೇಳಲು ಸುಲಭವಾದ ಈ ಮಾತಿನ ಹಿಂದೆ ನಲವತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸ ತಿಳಿದರೆ ವಿನಾಯಿತಿಯನ್ನು ಹೇಗೆ ಕೊಡಬೇಕು, ಎಷ್ಟು ಕೊಡಬೇಕು ಎಂಬುದೂ ತಾನಾಗಿಯೇ ತಿಳಿಯುತ್ತದೆ.

1983: ಎಲ್ಲವೂ ಆರಂಭವಾದ ವರ್ಷ

1983 ಎಂದರೆ ನಮ್ಮ ಸೀಮೆಯವರಿಗೆ ಒಂದು ಹೆಮ್ಮೆಯ ನೆನಪು. ಮಾಲೂರು ತಾಲ್ಲೂಕಿನ ಈ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಿಗೆ 'ಚಿಕವೀರ ರಾಜೇಂದ್ರ' ಕಾದಂಬರಿಗಾಗಿ ಆ ವರ್ಷದ ಜ್ಞಾನಪೀಠ ಪ್ರಶಸ್ತಿ ಬಂತು.

ಅದೇ 1983ರ ನವೆಂಬರ್ ತಿಂಗಳಲ್ಲಿ ಅಮೆರಿಕದಲ್ಲಿ ಫ್ರೆಡ್ ಕೋಹೆನ್ ಎಂಬ ಸಂಶೋಧನಾ ವಿದ್ಯಾರ್ಥಿ, ತನ್ನನ್ನು ತಾನೇ ನಕಲು ಮಾಡಿಕೊಂಡು ಇತರ ತಂತ್ರಾಂಶಗಳೊಳಗೆ ಸೇರಿಕೊಳ್ಳುವ ಒಂದು ತಂತ್ರಾಂಶವನ್ನು ಬರೆದು ತೋರಿಸಿದನು. ಆತನ ಗುರುಗಳಾದ ಲಿಯೊನಾರ್ಡ್ ಆಡಲ್‌ಮನ್ ಅದಕ್ಕೆ 'ವೈರಸ್' ಎಂಬ ಹೆಸರನ್ನು ಸೂಚಿಸಿದರು. ಮರುವರ್ಷ, 1984ರಲ್ಲಿ, ಕೋಹೆನ್ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಮುಖ್ಯ ವಿಚಾರವಿತ್ತು: ಯಾವುದೇ ತಂತ್ರಾಂಶವನ್ನು ನೋಡಿ ಅದು ವೈರಸ್ಸೋ ಅಲ್ಲವೋ ಎಂದು ಎಂದೂ ತಪ್ಪದೆ ತೀರ್ಪು ಹೇಳಬಲ್ಲ ವಿಧಾನವನ್ನು ರಚಿಸಲು ಸಾಧ್ಯವೇ ಇಲ್ಲ.

ವಿದ್ಯಾರ್ಥಿ ಮಿತ್ರರೇ, ಈ ಮಾತನ್ನು ನೆನಪಿನಲ್ಲಿಡಿ. ನಮ್ಮ ಇಡೀ ಕಥೆಯ ಬೇರು ಇಲ್ಲಿದೆ. ಪರಿಪೂರ್ಣ ಕಾವಲುಗಾರ ಎಂಬವನು ಇಲ್ಲ. ಪ್ರತಿಯೊಬ್ಬ ಕಾವಲುಗಾರನೂ ಕೆಲವರನ್ನು ಬಿಟ್ಟುಬಿಡುತ್ತಾನೆ, ಕೆಲವರನ್ನು ಸುಮ್ಮನೆ ಹಿಡಿಯುತ್ತಾನೆ. ಒಂದು ತಂತ್ರಾಂಶ ಬಿಟ್ಟದ್ದನ್ನು ಇನ್ನೊಂದು ಹಿಡಿಯಬಹುದೆಂಬ ಆಸೆ ಅಲ್ಲಿಂದಲೇ ಹುಟ್ಟಿತು. ಆಸೆ ತಪ್ಪಲ್ಲ. ಆದರೆ ಅದನ್ನು ಈಡೇರಿಸಿಕೊಳ್ಳುವ ದಾರಿಯಲ್ಲಿ ಎಡವಿದವರು ಬಹಳ.

ಡಾಸ್ ಕಾಲದ ಜಗಳ

1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಎಂಬ ಸಹೋದರರು ಬರೆದ 'ಬ್ರೇನ್' ಎಂಬುದು ಐಬಿಎಂ ಮಾದರಿಯ ಪರ್ಸನಲ್ ಕಂಪ್ಯೂಟರುಗಳ ಮೊದಲ ವೈರಸ್ ಎಂದು ಪ್ರಸಿದ್ಧವಾಯಿತು. ಫ್ಲಾಪಿ ಡಿಸ್ಕುಗಳ ಮೂಲಕ ಅದು ದೇಶದೇಶಗಳಿಗೆ ಹರಡಿತು. ಅದರ ಬೆನ್ನಲ್ಲೇ ವೈರಸ್ ವಿರೋಧಿ ತಂತ್ರಾಂಶಗಳೂ ಬಂದವು. ಅಮೆರಿಕದಲ್ಲಿ ಜಾನ್ ಮೆಕಾಫಿಯವರ ವೈರಸ್‌ಸ್ಕ್ಯಾನ್, ಅಂದಿನ ಚೆಕೊಸ್ಲೊವಾಕಿಯದಲ್ಲಿ ನಾಡ್ ಮೊದಲಾದವು 1980ರ ದಶಕದ ಕೊನೆಯಲ್ಲೇ ಹುಟ್ಟಿದವು. ನಮ್ಮ ದೇಶವೂ ಹಿಂದೆ ಬೀಳಲಿಲ್ಲ. 1990ರ ದಶಕದ ಆರಂಭದಲ್ಲಿ ಚೆನ್ನೈನಲ್ಲಿ ಕೆ7 ಕಂಪ್ಯೂಟಿಂಗ್ ಆರಂಭವಾಯಿತು. ಪುಣೆಯಲ್ಲಿ ಕ್ಯಾಲ್ಕುಲೇಟರ್ ದುರಸ್ತಿ ಮಾಡುತ್ತಿದ್ದ ಕೈಲಾಸ್ ಕಾಟ್ಕರ್ ಅವರು ತಮ್ಮ ಸಂಜಯ್ ಅವರೊಡನೆ ಸೇರಿ ಕ್ವಿಕ್ ಹೀಲ್ ಎಂಬ ತಂತ್ರಾಂಶವನ್ನು ಮಾರುಕಟ್ಟೆಗೆ ತಂದರು. ನಮ್ಮ ಭಾಗದ ಎಷ್ಟೋ ಅಂಗಡಿ, ಕಚೇರಿಗಳ ಗಣಕಗಳಲ್ಲಿ ಈ ಹೆಸರುಗಳನ್ನು ನೀವು ಕಂಡಿರುತ್ತೀರಿ.

ಆಗಿನ ಗಣಕಗಳು ಡಾಸ್ ಎಂಬ ವ್ಯವಸ್ಥೆಯಲ್ಲಿ ನಡೆಯುತ್ತಿದ್ದವು. ತಂತ್ರಾಂಶಗಳಿಗೆ ಸಾಮಾನ್ಯವಾಗಿ ಸಿಗುತ್ತಿದ್ದ ಮೆಮೊರಿ 640 ಕಿಲೋಬೈಟ್ ಮಾತ್ರ. ಕಾವಲು ತಂತ್ರಾಂಶ ಆ ಇಕ್ಕಟ್ಟಿನಲ್ಲೇ ಒಂದು ಮೂಲೆ ಹಿಡಿದು ಕೂತು, ನೀವು ತೆರೆಯುವ ಪ್ರತಿ ಫೈಲನ್ನೂ ನೋಡಬೇಕು. ಎರಡನ್ನು ಕೂರಿಸಿದರೆ ಬೇರೆ ಕೆಲಸಕ್ಕೆ ಜಾಗವೇ ಉಳಿಯುತ್ತಿರಲಿಲ್ಲ.

ಅದಕ್ಕಿಂತ ವಿಚಿತ್ರವಾದ ತೊಂದರೆ ಮತ್ತೊಂದಿತ್ತು. ವೈರಸ್ಸನ್ನು ಗುರುತಿಸಲು ಪ್ರತಿ ಆಂಟಿವೈರಸ್ ಬಳಿಯೂ 'ಸಿಗ್ನೇಚರ್'ಗಳ ಒಂದು ಪಟ್ಟಿ ಇರುತ್ತದೆ. ಪೊಲೀಸ್ ಠಾಣೆಯ ಗೋಡೆಯ ಮೇಲೆ ಕಳ್ಳರ ಭಾವಚಿತ್ರ ಅಂಟಿಸಿರುವ ಹಾಗೆ ಎನ್ನಿ. ಒಂದು ತಂತ್ರಾಂಶ ಈ ಪಟ್ಟಿಯನ್ನು ಮೆಮೊರಿಯಲ್ಲಿ ಮುಚ್ಚುಮರೆಯಿಲ್ಲದೆ ಇಟ್ಟುಕೊಂಡಿದ್ದರೆ, ಇನ್ನೊಂದು ತಂತ್ರಾಂಶ ಅದನ್ನು ಕಂಡು "ಇಲ್ಲೇ ವೈರಸ್ ಇದೆ!" ಎಂದು ಕೂಗುತ್ತಿತ್ತು. ಭಾವಚಿತ್ರವನ್ನೇ ಕಳ್ಳನೆಂದು ಹಿಡಿದಂತೆ. ಮುಂದೆ ತಯಾರಕರು ಈ ಪಟ್ಟಿಗಳನ್ನು ಗೂಢಲಿಪಿಗೆ ಬದಲಿಸಿ ಇಡುವುದನ್ನು ಕಲಿತರು. ಇಬ್ಬರು ಕಾವಲುಗಾರರ ಮೊದಲ ಜಗಳ ಹೀಗೆ ಒಂದು ಮಟ್ಟಿಗೆ ತಣ್ಣಗಾಯಿತು.

ವಿಂಡೋಸ್ ಬಂದ ಮೇಲೆ

ವಿಂಡೋಸ್ ಬಂದ ಮೇಲೆ ಮೆಮೊರಿ ಹೆಚ್ಚಾಯಿತು, ಆದರೆ ಜಗಳ ಇನ್ನೂ ಆಳಕ್ಕೆ ಇಳಿಯಿತು. ಗಣಕದ ವ್ಯವಸ್ಥೆಗೆ 'ಕರ್ನಲ್' ಎಂಬ ಒಳಗರ್ಭವಿದೆ. ಆಂಟಿವೈರಸ್ ತಂತ್ರಾಂಶಗಳು ಆ ಒಳಗರ್ಭದಲ್ಲಿಯೇ 'ಫಿಲ್ಟರ್ ಡ್ರೈವರ್' ಎಂಬ ಒಂದು ಜರಡಿಯನ್ನು ಇಡುತ್ತವೆ. ನೀವು ಒಂದು ಫೈಲ್ ತೆರೆಯಿರಿ ಎಂದು ಕೇಳಿದರೆ ಆ ಕೋರಿಕೆ ಮೊದಲು ಈ ಜರಡಿಯ ಮೂಲಕ ಹೋಗಿ, ಆಮೇಲೆ ಡಿಸ್ಕನ್ನು ತಲುಪುತ್ತದೆ.

ಒಂದು ಜರಡಿಯಿದ್ದರೆ ಸರಿ. ಎರಡಿದ್ದರೆ? ಮೊದಲನೆಯದು ಫೈಲನ್ನು ಪರೀಕ್ಷಿಸಲು ತಾನೇ ಅದನ್ನು ತೆರೆಯುತ್ತದೆ. "ಯಾರೋ ಫೈಲ್ ತೆರೆದರು" ಎಂದು ಎರಡನೆಯದು ಎಚ್ಚೆತ್ತು, ಅದೂ ಪರೀಕ್ಷೆಗೆಂದು ತೆರೆಯುತ್ತದೆ. ಆ ತೆರೆಯುವಿಕೆ ಮತ್ತೆ ಮೊದಲನೆಯದರ ಕಣ್ಣಿಗೆ ಬೀಳುತ್ತದೆ. "ನೀನು ಮುಗಿಸು, ಆಮೇಲೆ ನಾನು" ಎಂದು ಇದು ಕಾಯುತ್ತದೆ. ಅದೂ ಇದನ್ನೇ ಹೇಳಿ ಕಾಯುತ್ತದೆ. ಗಣಕ ಸ್ತಬ್ಧ. ನಿಮ್ಮಲ್ಲಿ ಹಿರಿಯರಿಗೆ ಆ ನೀಲಿ ಪರದೆ ಚೆನ್ನಾಗಿ ನೆನಪಿರಬಹುದು.

ನಿಜವಾದ ವೈರಸ್ ಸಿಕ್ಕಾಗಲೂ ತೊಂದರೆಯೇ. ಎರಡೂ ಏಕಕಾಲಕ್ಕೆ ಅದನ್ನು ಹಿಡಿಯುತ್ತವೆ. ಒಂದು ಅದನ್ನು ತನ್ನ ಬಂಧೀಖಾನೆಗೆ, ಎಂದರೆ 'ಕ್ವಾರಂಟೈನ್' ಫೋಲ್ಡರಿಗೆ, ಎಳೆಯುತ್ತದೆ. ಇನ್ನೊಂದು ಬಿಡದೆ ಹಿಡಿದಿರುತ್ತದೆ. ಕೆಲವೊಮ್ಮೆ ಒಂದರ ಬಂಧೀಖಾನೆಯನ್ನು ಇನ್ನೊಂದು ತಡಕಿ, ಅಲ್ಲಿದ್ದ ಹಳೆಯ ಕೈದಿಯನ್ನೇ ಹೊಸ ಕಳ್ಳನೆಂದು ಮತ್ತೆ ಮತ್ತೆ ಎಚ್ಚರಿಕೆ ಕೊಡುತ್ತದೆ.

ಈ ಗೊಂದಲಕ್ಕೆ ಮೈಕ್ರೊಸಾಫ್ಟ್ ಸಂಸ್ಥೆ 2000ದ ದಶಕದ ಮಧ್ಯದಲ್ಲಿ ಒಂದು ಶಿಸ್ತನ್ನು ತಂದಿತು. 'ಫಿಲ್ಟರ್ ಮ್ಯಾನೇಜರ್' ಎಂಬ ಈ ವ್ಯವಸ್ಥೆಯಲ್ಲಿ ಪ್ರತಿ ಜರಡಿಗೂ 'ಆಲ್ಟಿಟ್ಯೂಡ್' ಎಂಬ ಒಂದು ಎತ್ತರದ ಸಂಖ್ಯೆಯನ್ನು ಕೊಡಲಾಗುತ್ತದೆ. ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಟೋಕನ್ ಕೊಟ್ಟು ಸಾಲಾಗಿ ನಿಲ್ಲಿಸಿದ ಹಾಗೆ. ಆಂಟಿವೈರಸ್ ಜರಡಿಗಳಿಗೆ 320000ದಿಂದ 329999ರವರೆಗಿನ ಸಂಖ್ಯೆಗಳು ಮೀಸಲು. ಫೈಲನ್ನು ಗೂಢಲಿಪಿಗೆ ಬದಲಿಸುವ ತಂತ್ರಾಂಶಗಳಿಗೆ 140000ದಿಂದ 149999. ಹೆಚ್ಚಿನ ಸಂಖ್ಯೆಯವರು ಕೋರಿಕೆಯನ್ನು ಮೊದಲು ನೋಡುತ್ತಾರೆ. ಹೀಗಾಗಿ ಆಂಟಿವೈರಸ್ ಯಾವಾಗಲೂ ಗೂಢಲಿಪಿ ಜರಡಿಯ ಮೇಲೆ ನಿಂತು, ಬಿಡಿಸಿದ ಫೈಲನ್ನು ಓದಬಲ್ಲದು. ಪರೀಕ್ಷೆಗೆಂದು ತೆರೆದ ಫೈಲಿನ ಕೋರಿಕೆ ತನಗಿಂತ ಕೆಳಗಿನವರಿಗೆ ಮಾತ್ರ ಕಾಣುವಂತೆ ಮಾಡುವ ಅನುಕೂಲವೂ ಬಂತು. ಮುಗಿಯದ ಸುತ್ತಾಟಕ್ಕೆ ಇದರಿಂದ ಬಹುಮಟ್ಟಿಗೆ ತಡೆ ಬಿತ್ತು.

ಆದರೆ ಸಾಲು ಸರಿಹೋದ ಮಾತ್ರಕ್ಕೆ ಸ್ವಭಾವ ಬದಲಾಗುವುದಿಲ್ಲ. ಸಾಲಿನಲ್ಲಿ ನಿಂತ ಇಬ್ಬರು ಕಾವಲುಗಾರರು ಒಬ್ಬರನ್ನೊಬ್ಬರು ಅನುಮಾನಿಸುವುದನ್ನು ನಿಲ್ಲಿಸಲು ವಿನಾಯಿತಿಯೇ ಬೇಕಾಯಿತು.

ವಿನಾಯಿತಿಯ ಹುಟ್ಟು

ವಿನಾಯಿತಿಯ ಅಗತ್ಯ ಎದ್ದು ಕಂಡದ್ದು ದೊಡ್ಡ ಕಚೇರಿಗಳ ಸರ್ವರ್ ಗಣಕಗಳಲ್ಲಿ. ಮೈಕ್ರೊಸಾಫ್ಟಿನ ಎಕ್ಸ್‌ಚೇಂಜ್ 2000 ಎಂಬ ಅಂಚೆ ತಂತ್ರಾಂಶ ತನ್ನ ಭಂಡಾರವನ್ನು 'ಎಂ' ಎಂಬ ಹೆಸರಿನ ಒಂದು ಡ್ರೈವ್ ಆಗಿ ತೋರಿಸುತ್ತಿತ್ತು. ಅದನ್ನು ಮಾಮೂಲಿ ಡ್ರೈವ್ ಎಂದು ತಿಳಿದು ಆಂಟಿವೈರಸ್ಸುಗಳು ತಡಕಿದವು. ಜನರ ಕ್ಯಾಲೆಂಡರ್ ದಾಖಲೆಗಳು ಕೆಟ್ಟುಹೋದವು. ಆ ಡ್ರೈವನ್ನು ತಪಾಸಣೆಯಿಂದ ಹೊರಗಿಡಿ ಎಂದು ಸಂಸ್ಥೆಯೇ ಸೂಚನೆ ಹೊರಡಿಸಬೇಕಾಯಿತು. ಡೇಟಾಬೇಸ್ ಫೈಲುಗಳಿಗೂ ಅವುಗಳ ದಿನಚರಿ ಫೈಲುಗಳಿಗೂ ವಿನಾಯಿತಿ ಕೊಡುವುದು ಅಂದಿನಿಂದ ವಾಡಿಕೆಯಾಯಿತು.

ಇದು ನಮಗೆ ದೂರದ ಮಾತಲ್ಲ. ಕರ್ನಾಟಕದಲ್ಲಿ 'ಭೂಮಿ' ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದ್ದು ಇದೇ ಅವಧಿಯಲ್ಲಿ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲ ತಾಲ್ಲೂಕುಗಳ ರೈತರೂ ಗಣಕದ ಪಹಣಿಯನ್ನು ಕೈಗೆ ಪಡೆದರು. ಅಂಥ ದಾಖಲೆಗಳೆಲ್ಲ ಡೇಟಾಬೇಸ್‌ನಲ್ಲಿ ಇರುತ್ತವೆ. ಡೇಟಾಬೇಸ್ ಫೈಲು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಪ್ರತಿ ಬದಲಾವಣೆಗೂ ಒಂದು ತಪಾಸಣೆ ಎಂದರೆ ಕಿಟಕಿಯ ಹೊರಗೆ ನಿಂತ ರೈತನ ಸಾಲು ಬೆಳೆಯುತ್ತದೆ; ತಪಾಸಣೆಯ ನಡುವೆ ಫೈಲು ಬಂಧನಕ್ಕೆ ಬಿದ್ದರೆ ದಾಖಲೆಯೇ ಹೋಗುತ್ತದೆ. ವಿನಾಯಿತಿ ಏಕೆ ಬೇಕೆಂಬುದು ಈಗ ನಿಮಗೆ ಸ್ಪಷ್ಟವಾಗಿರಬೇಕು.

ಮನೆಯ ಗಣಕಗಳ ಮಟ್ಟಿಗೆ ಮುಖ್ಯ ಘಟ್ಟಗಳು ಇವು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್‌ನೊಡನೆ 'ಸೆಕ್ಯುರಿಟಿ ಸೆಂಟರ್' ಬಂತು. ಗಣಕದಲ್ಲಿ ಯಾವ ಆಂಟಿವೈರಸ್ ಇದೆ ಎಂದು ದಾಖಲಿಸುವ ಹಾಜರಿ ಪುಸ್ತಕ ಅದು. 2009ರಲ್ಲಿ ಮೈಕ್ರೊಸಾಫ್ಟ್ ತನ್ನದೇ ಉಚಿತ ಆಂಟಿವೈರಸ್ ಕೊಟ್ಟಿತು. 2012ರ ವಿಂಡೋಸ್ 8ರಿಂದ 'ಡಿಫೆಂಡರ್' ಎಂಬ ಹೆಸರಿನಲ್ಲಿ ಅದು ಪ್ರತಿ ಗಣಕದ ಒಳಗೇ ಬರತೊಡಗಿತು. ಬೇರೆ ಆಂಟಿವೈರಸ್ ಹಾಕಿ, ಅದು ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಆದ್ದರಿಂದ ಇಂದು ಮನೆಯ ಗಣಕದಲ್ಲಿ ಡಿಫೆಂಡರ್ ಜೊತೆ ಮತ್ತೊಂದನ್ನು ಹಾಕಿದರೆ ಸಾಮಾನ್ಯವಾಗಿ ಜಗಳವಾಗದು. ಸರ್ವರ್ ಗಣಕಗಳಲ್ಲಿ ಮಾತ್ರ ಹಾಗಲ್ಲ. ಅಲ್ಲಿ ಅದನ್ನು ನಾವೇ ಹಿಂದೆ ಸರಿಸಬೇಕು. ಹೊರಗಿನ ಎರಡು ಆಂಟಿವೈರಸ್ಸುಗಳನ್ನು ಒಟ್ಟಿಗೆ ಹಾಕಿದರೆ ಇಂದಿಗೂ ಹಳೆಯ ಕಥೆಯೇ.

2013ರಲ್ಲಿ ಗಾರ್ಟ್ನರ್ ಸಂಸ್ಥೆಯ ಆಂಟನ್ ಚುವಾಕಿನ್ ಹೊಸ ಬಗೆಯ ತಂತ್ರಾಂಶಗಳಿಗೆ ಒಂದು ಹೆಸರಿಟ್ಟರು. ಅದೇ ಈಗ 'ಇಡಿಆರ್' ಎಂದು ಬಳಕೆಯಲ್ಲಿದೆ. ಬಳಕೆದಾರರ ಕೈಗೆ ಸಿಗುವ ಪ್ರತಿ ಗಣಕವನ್ನೂ, ಅಂದರೆ 'ಎಂಡ್‌ಪಾಯಿಂಟ್' ಅನ್ನು, ಇದು ಸದಾ ಗಮನಿಸುತ್ತದೆ. ಫೈಲಿನ ಮುಖ ನೋಡುವ ಬದಲು ನಡತೆಯನ್ನು ನೋಡುತ್ತದೆ: ಯಾವ ತಂತ್ರಾಂಶ ಯಾವುದನ್ನು ಎಬ್ಬಿಸಿತು, ಯಾರೊಡನೆ ಮಾತಾಡಿತು ಎಂದು ಬರೆದಿಡುತ್ತದೆ. ಆಂಟಿವೈರಸ್ ಒಂದು ಸಂಸ್ಥೆಯದು, ಇಡಿಆರ್ ಇನ್ನೊಂದು ಸಂಸ್ಥೆಯದು ಎಂಬ ಸ್ಥಿತಿ ಇಂದು ಅನೇಕ ಬ್ಯಾಂಕು, ಆಸ್ಪತ್ರೆ, ಕಾಲೇಜುಗಳಲ್ಲಿದೆ. ಇಬ್ಬರು ಕಾವಲುಗಾರರು ಈಗ ಅನಿವಾರ್ಯವಾಗಿ ಒಂದೇ ತೋಪಿನಲ್ಲಿದ್ದಾರೆ.

ಇಬ್ಬರನ್ನು ಹೊಂದಿಸುವ ಬಗೆ

ಇಷ್ಟು ಇತಿಹಾಸ ಕಲಿಸಿದ ಕ್ರಮ ಹೀಗಿದೆ. ನೀವು ಸಂಘದ ಗಣಕಗಳನ್ನು ನೋಡಿಕೊಳ್ಳುವವರಾಗಿದ್ದರೆ, ಅಥವಾ ಮುಂದೆ ಈ ಕ್ಷೇತ್ರದಲ್ಲಿ ಉದ್ಯೋಗ ಹಿಡಿಯುವ ವಿದ್ಯಾರ್ಥಿಯಾಗಿದ್ದರೆ, ಗಮನವಿಟ್ಟು ಓದಿ.

ಮೊದಲನೆಯದಾಗಿ, ಯಜಮಾನ ಕಾವಲುಗಾರ ಯಾರೆಂದು ತೀರ್ಮಾನಿಸಿ. ಫೈಲು ತೆರೆದ ಕೂಡಲೇ ತಡೆಯುವ ಅಧಿಕಾರ ಒಂದಕ್ಕೆ ಮಾತ್ರ ಇರಲಿ. ಇನ್ನೊಂದನ್ನು 'ಪ್ಯಾಸಿವ್' ಸ್ಥಿತಿಯಲ್ಲಿಡಿ. ಅದು ನೋಡಲಿ, ವರದಿ ಮಾಡಲಿ, ಕೈ ಹಾಕದಿರಲಿ.

ಎರಡನೆಯದಾಗಿ, ಪರಿಚಯ ಎರಡೂ ಕಡೆಯಿಂದ ಆಗಲಿ. ಒಂದರ ವಿನಾಯಿತಿ ಪಟ್ಟಿಯಲ್ಲಿ ಇನ್ನೊಂದರ ಹೆಸರಿರಬೇಕು, ಆ ಇನ್ನೊಂದರಲ್ಲಿ ಇದರ ಹೆಸರಿರಬೇಕು. ಒಂದೇ ಕಡೆ ಮಾಡಿ ಬಿಟ್ಟರೆ ಅರ್ಧ ಜಗಳ ಹಾಗೆಯೇ ಉಳಿಯುತ್ತದೆ. ಯಾವ ಯಾವ ಫೈಲುಗಳನ್ನು ಸೇರಿಸಬೇಕೆಂದು ಆಯಾ ತಯಾರಕರೇ ಪಟ್ಟಿ ಕೊಡುತ್ತಾರೆ. ಊಹೆಯಿಂದ ಸೇರಿಸಬೇಡಿ.

ಮೂರನೆಯದಾಗಿ, ವಿನಾಯಿತಿಯ ಬಗೆಗಳನ್ನು ತಿಳಿಯಿರಿ. ಫೋಲ್ಡರಿನ ವಿಳಾಸಕ್ಕೆ ಕೊಡುವ ವಿನಾಯಿತಿ ಒಂದು. ಅಲ್ಲಿ ಯಾರು ಏನು ತಂದಿಟ್ಟರೂ ಪರೀಕ್ಷೆಯಿಲ್ಲ. ತಂತ್ರಾಂಶದ ಹೆಸರಿಗೆ, ಅಂದರೆ 'ಪ್ರೊಸೆಸ್'ಗೆ, ಕೊಡುವುದು ಇನ್ನೊಂದು. ಡಿಫೆಂಡರ್‌ನಲ್ಲಿ ಇದರ ಅರ್ಥ: ಆ ತಂತ್ರಾಂಶ ತೆರೆಯುವ ಫೈಲುಗಳನ್ನು ಆ ಕ್ಷಣದಲ್ಲಿ ಪರೀಕ್ಷಿಸುವುದಿಲ್ಲ, ಆದರೆ ಆ ತಂತ್ರಾಂಶದ ಸ್ವಂತ ಫೈಲಿಗೆ ಪರೀಕ್ಷೆ ಇದ್ದೇ ಇರುತ್ತದೆ. ಈ ವ್ಯತ್ಯಾಸ ತಿಳಿಯದೆ "ವಿನಾಯಿತಿ ಕೊಟ್ಟೆ, ಆದರೂ ತಡೆಯುತ್ತಿದೆ" ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. ಪ್ರೊಸೆಸ್ ಹೆಸರು ಕೊಡುವಾಗ ಪೂರ್ಣ ವಿಳಾಸವನ್ನೂ ಕೊಡಿ. ಬರೀ ಹೆಸರು ಕೊಟ್ಟರೆ ಅದೇ ಹೆಸರಿಟ್ಟುಕೊಂಡ ಕಳ್ಳನೂ ಒಳಗೆ ಬರುತ್ತಾನೆ. ಮೂರನೆಯ ಬಗೆ, ಫೈಲಿನ ಬಾಲದ ಅಕ್ಷರಗಳಿಗೆ, ಅಂದರೆ 'ಎಕ್ಸ್‌ಟೆನ್ಷನ್'ಗೆ ಕೊಡುವುದು. ಇದು ಎಲ್ಲಕ್ಕಿಂತ ಸಡಿಲ. ಆದಷ್ಟು ಬಿಡಿ.

ನಮ್ಮ ಭಾಷೆಯದೇ ಒಂದು ಉದಾಹರಣೆ ನೋಡಿ. ನುಡಿ, ಬರಹದಂಥ ಕನ್ನಡ ತಂತ್ರಾಂಶಗಳು ನೀವು ಒತ್ತುವ ಕೀಲಿಯನ್ನು ನಡುವೆಯೇ ಹಿಡಿದು ಕನ್ನಡ ಅಕ್ಷರವಾಗಿ ಬದಲಿಸುತ್ತವೆ. ಗುಟ್ಟಾಗಿ ಪಾಸ್‌ವರ್ಡ್ ಕದಿಯುವ 'ಕೀಲಾಗರ್' ಎಂಬ ದುಷ್ಟ ತಂತ್ರಾಂಶ ಮಾಡುವುದೂ ಕೀಲಿಯನ್ನು ಹಿಡಿಯುವ ಕೆಲಸವನ್ನೇ. ನಡತೆ ನೋಡಿ ತೀರ್ಪು ಕೊಡುವ ಕಾವಲುಗಾರನಿಗೆ ಇಬ್ಬರೂ ಒಂದೇ ತರಹ ಕಾಣಬಹುದು. ಅಂಥ ವೇಳೆ, ಅಧಿಕೃತ ಮೂಲದಿಂದ ಪಡೆದ ಆ ಒಂದು ತಂತ್ರಾಂಶದ ಫೈಲಿಗೆ ಮಾತ್ರ ವಿನಾಯಿತಿ ಕೊಡಿ. ಇಡೀ 'ಸಿ' ಡ್ರೈವಿಗೆ ವಿನಾಯಿತಿ ಕೊಟ್ಟು ಕೈ ತೊಳೆದುಕೊಳ್ಳಬೇಡಿ.

ನಾಲ್ಕನೆಯದಾಗಿ, ಪರೀಕ್ಷಿಸಿ. ಐಕಾರ್ ಎಂಬ ಯುರೋಪಿನ ಸಂಸ್ಥೆಯ ಹೆಸರಿನಲ್ಲಿ 68 ಅಕ್ಷರಗಳ ಒಂದು ನಿರಪಾಯ ಪರೀಕ್ಷಾ ಫೈಲಿದೆ. ಅದರಲ್ಲಿ ವೈರಸ್ ಇಲ್ಲ. ಆದರೂ ಎಲ್ಲ ಆಂಟಿವೈರಸ್ಸುಗಳೂ ಒಪ್ಪಂದದಂತೆ ಅದನ್ನು ವೈರಸ್ ಎಂದು ಹಿಡಿಯುತ್ತವೆ. ಸಾಮಾನ್ಯ ಫೋಲ್ಡರಿನಲ್ಲಿ ಅದನ್ನು ಇಟ್ಟಾಗ ಯಜಮಾನ ಕಾವಲುಗಾರ ಹಿಡಿಯಬೇಕು, ಎರಡನೆಯವನು ನಡುವೆ ಬಾಯಿ ಹಾಕಬಾರದು. ಹಾಗಾದರೆ ನಿಮ್ಮ ಹೊಂದಾಣಿಕೆ ಸರಿಯಿದೆ.

ತೆರೆದಿಟ್ಟ ಬಾಗಿಲು

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪ್ರತಿ ವಿನಾಯಿತಿಯೂ ಕಾವಲಿಲ್ಲದ ಒಂದು ಬಾಗಿಲು. ಕಳ್ಳನಿಗೆ ಆ ಬಾಗಿಲು ಯಾವುದೆಂದು ತಿಳಿದರೆ ಸಾಕು.

2021ರ ಜುಲೈ 2ರಂದು ಇದು ಜಗತ್ತಿಗೆ ತಿಳಿಯಿತು. ಕಸೇಯಾ ಎಂಬ ಸಂಸ್ಥೆ ದೂರದಿಂದಲೇ ಅನೇಕ ಕಚೇರಿಗಳ ಗಣಕಗಳನ್ನು ನೋಡಿಕೊಳ್ಳುವ ತಂತ್ರಾಂಶವನ್ನು ಮಾರುತ್ತಿತ್ತು. ಆಂಟಿವೈರಸ್ಸುಗಳು ಅದಕ್ಕೆ ಅಡ್ಡಿಯಾಗಬಾರದೆಂದು, ಅದರ ಕೆಲಸದ ಫೋಲ್ಡರಿಗೆ ವಿನಾಯಿತಿ ಕೊಡುವಂತೆ ಗ್ರಾಹಕರಿಗೆ ಹೇಳಲಾಗಿತ್ತು. 'ರೆವಿಲ್' ಎಂಬ ಸುಲಿಗೆ ಗುಂಪು ಆ ತಂತ್ರಾಂಶದ ಒಂದು ದೋಷವನ್ನು ಬಳಸಿ, ತನ್ನ ಫೈಲನ್ನು ಸರಿಯಾಗಿ ಅದೇ ಫೋಲ್ಡರಿಗೆ ಇಳಿಸಿತು. ಜೊತೆಗೆ ಡಿಫೆಂಡರ್‌ನದೇ ಒಂದು ಹಳೆಯ, ಅಸಲಿ ಫೈಲನ್ನು ತಂದು ಅದರ ಮರೆಯಲ್ಲಿ ತನ್ನ ಕೆಲಸ ನಡೆಸಿತು. ಕಾವಲುಗಾರನ ಹಳೆಯ ಸಮವಸ್ತ್ರ ತೊಟ್ಟು ಬಂದ ಕಳ್ಳ ಎನ್ನಿ. ಸುಮಾರು 800ರಿಂದ 1500 ಸಂಸ್ಥೆಗಳು ತೊಂದರೆಗೆ ಸಿಕ್ಕವು. ಸ್ವೀಡನ್ನಿನಲ್ಲಿ ಕೂಪ್ ಎಂಬ ಸರಣಿಯ ಸುಮಾರು 800 ದಿನಸಿ ಅಂಗಡಿಗಳು ಹಣ ಎಣಿಸುವ ಯಂತ್ರ ನಡೆಯದೆ ಬಾಗಿಲು ಹಾಕಬೇಕಾಯಿತು. ಆ ಊರುಗಳ ಜನ ಕಸೇಯಾ ಎಂಬ ಹೆಸರನ್ನೇ ಅದುವರೆಗೆ ಕೇಳಿರಲಾರರು.

ಇಂದಿನ ಅನೇಕ ದುಷ್ಟ ತಂತ್ರಾಂಶಗಳು ಒಳಗೆ ಬಂದ ಕೂಡಲೇ ಮಾಡುವ ಮೊದಲ ಕೆಲಸಗಳಲ್ಲಿ ಒಂದು, ವಿನಾಯಿತಿ ಪಟ್ಟಿಗೆ ತಮ್ಮ ಹೆಸರನ್ನು ತಾವೇ ಸೇರಿಸಿಕೊಳ್ಳುವುದು. 2022ರ ಆರಂಭದವರೆಗೆ ವಿಂಡೋಸ್ 10ರಲ್ಲಿ ಡಿಫೆಂಡರ್‌ನ ವಿನಾಯಿತಿ ಪಟ್ಟಿಯನ್ನು ಗಣಕದ ಯಾವ ಸಾಮಾನ್ಯ ಬಳಕೆದಾರನೂ ಓದಬಹುದಾಗಿತ್ತು. ಅದು ದೊಡ್ಡ ಸುದ್ದಿಯಾದ ಮೇಲೆ ಆ ಪಟ್ಟಿಯನ್ನು ಆಡಳಿತಾಧಿಕಾರ ಇರುವವರಿಗೆ ಮಾತ್ರ ಸೀಮಿತಗೊಳಿಸಿದರು.

ಕಾವಲುಗಾರನೇ ತಪ್ಪಿದರೆ?

ಹಾಗಾದರೆ ವಿನಾಯಿತಿಯೇ ಬೇಡ, ಕಾವಲುಗಾರನಿಗೆ ಎಲ್ಲ ಅಧಿಕಾರವನ್ನೂ ಕೊಟ್ಟುಬಿಡೋಣ ಎಂದು ನಿಮಗೆ ಅನಿಸಬಹುದು. ಇತಿಹಾಸ ಅದಕ್ಕೂ ಉತ್ತರ ಕೊಟ್ಟಿದೆ. 2010ರ ಏಪ್ರಿಲ್ 21ರಂದು ಮೆಕಾಫಿಯ ಒಂದು ದೈನಂದಿನ ನವೀಕರಣ, ವಿಂಡೋಸ್ ಎಕ್ಸ್‌ಪಿಯ ಜೀವಾಳವಾದ ಒಂದು ಫೈಲನ್ನೇ ವೈರಸ್ ಎಂದು ಹಿಡಿಯಿತು. ಜಗತ್ತಿನ ಅನೇಕ ಕಡೆ ಗಣಕಗಳು ಮತ್ತೆ ಮತ್ತೆ ಆರಿ ಹೊತ್ತಿಕೊಳ್ಳತೊಡಗಿದವು.

2024ರ ಜುಲೈ 19ರ ಶುಕ್ರವಾರ ನಿಮ್ಮೆಲ್ಲರಿಗೂ ನೆನಪಿರಬೇಕು. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ಇಡಿಆರ್ ತಂತ್ರಾಂಶಕ್ಕೆ ಬಂದ ಒಂದು ಚಿಕ್ಕ ನವೀಕರಣದಿಂದ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ನೀಲಿ ಪರದೆ ತೋರಿಸಿ ನಿಂತವು. ಕಾರಣ ತೀರಾ ಚಿಕ್ಕದು: ಹೊಸ ನಮೂನೆಯಲ್ಲಿ 21 ಅಂಕಣಗಳಿದ್ದವು, ಓದುವ ತಂತ್ರಾಂಶಕ್ಕೆ ಒದಗಿಸಿದ್ದು 20 ಮಾತ್ರ. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಅದು ಬಿತ್ತು. ಅದು ಕರ್ನಲ್ ಒಳಗೇ ಕೂತಿದ್ದರಿಂದ ಇಡೀ ಗಣಕವೇ ಬಿತ್ತು. ಬೆಂಗಳೂರೂ ಸೇರಿದಂತೆ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಸಾಲುಗಟ್ಟಿ ಕಾದರು. ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ಆ ನಂತರ ಕಾವಲು ತಂತ್ರಾಂಶಗಳನ್ನು ಕರ್ನಲ್‌ನಿಂದ ಹೊರಗೆ ತಂದು ನಡೆಸುವ ವ್ಯವಸ್ಥೆಯನ್ನು ರೂಪಿಸುವುದಾಗಿ ಮೈಕ್ರೊಸಾಫ್ಟ್ ಘೋಷಿಸಿತು. ಕಾವಲುಗಾರ ಮನೆಯ ಜಗುಲಿಯಲ್ಲಿ ಕೂರಲಿ, ದೇವರ ಕೋಣೆಯಲ್ಲಿ ಬೇಡ ಎಂಬ ವಿಚಾರವಿದು.

ನಾವು ಮಾಡಬೇಕಾದದ್ದು

ಓದುಗ ಮಿತ್ರರೇ, 1983ರಲ್ಲಿ ಕೋಹೆನ್ ಹಿಡಿದ ಎಳೆಯೇ ಇಲ್ಲಿಯವರೆಗೂ ಬಂದಿದೆ. ಪರಿಪೂರ್ಣ ಕಾವಲು ಇಲ್ಲ. ಅನುಮಾನ ಹೆಚ್ಚಾದರೆ ಕೆಲಸ ನಿಲ್ಲುತ್ತದೆ, ನಂಬಿಕೆ ಹೆಚ್ಚಾದರೆ ಮನೆ ಹೋಗುತ್ತದೆ. ವಿನಾಯಿತಿ ಎಂಬುದು ಈ ಎರಡರ ನಡುವೆ ಮನುಷ್ಯ ತೆಗೆದುಕೊಳ್ಳುವ ತೀರ್ಮಾನ. ಅದನ್ನು ಯಂತ್ರಕ್ಕೆ ಬಿಡುವಂತಿಲ್ಲ.

ಆದ್ದರಿಂದ ನಮ್ಮಂಥ ಚಿಕ್ಕ ಸಂಸ್ಥೆಗಳಿಗೆ ನನ್ನ ವಿನಂತಿ ಇಷ್ಟು. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಸದಾ ಎಚ್ಚರವಿರುವ ಆಂಟಿವೈರಸ್ ಒಂದೇ ಇರಲಿ. ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ, ಕರೆದಾಗ ಮಾತ್ರ ಬಂದು ನೋಡಿ ಹೋಗುವ ತಪಾಸಣಾ ತಂತ್ರಾಂಶಗಳಿವೆ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರ ಅಂಥವನ್ನು ದೇಶೀಯ ಸಂಸ್ಥೆಗಳ ಸಹಯೋಗದಿಂದ ಉಚಿತವಾಗಿ ಕೊಡುತ್ತದೆ. ಇವು ತೋಪಿನಲ್ಲಿ ರಾತ್ರಿಯಿಡೀ ಕೂರುವುದಿಲ್ಲ; ಆದ್ದರಿಂದ ಜಗಳವೂ ಇಲ್ಲ. ಹಳೆಯ ಆಂಟಿವೈರಸ್ ಬದಲಿಸುವಾಗ ಮೊದಲನೆಯದನ್ನು ಪೂರ್ತಿ ತೆಗೆದು, ಗಣಕವನ್ನು ಒಮ್ಮೆ ಆರಿಸಿ ಹೊತ್ತಿಸಿ, ಆಮೇಲೆ ಹೊಸದನ್ನು ಹಾಕಿ. ನಿಮ್ಮಲ್ಲಿ ವಿಂಡೋಸ್ 10 ಇದ್ದರೆ, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದು ತಿಳಿದಿರಲಿ. ಹಳೆಯ ಗೋಡೆಗೆ ಎಷ್ಟು ಕಾವಲುಗಾರರಿದ್ದರೂ ಸಾಲದು.

ಎರಡು ತಂತ್ರಾಂಶಗಳು ಇರಲೇಬೇಕಾದ ಕಡೆ, ಒಂದು ನೋಟ್‌ಬುಕ್ ಇಡಿ. ನಾಲ್ಕು ಅಂಕಣ ಸಾಕು: ಯಾವುದಕ್ಕೆ ವಿನಾಯಿತಿ, ಯಾವ ಕಾರಣಕ್ಕೆ, ಯಾರು ಕೊಟ್ಟರು, ಯಾವ ದಿನ. ಆರು ತಿಂಗಳಿಗೊಮ್ಮೆ ಆ ಪಟ್ಟಿಯನ್ನು ಗಣಕದಲ್ಲಿರುವ ಪಟ್ಟಿಯೊಡನೆ ತಾಳೆ ನೋಡಿ. ಕಾರಣ ಮುಗಿದಿದ್ದರೆ ಹೆಸರು ಹೊಡೆದುಹಾಕಿ. ನೋಟ್‌ಬುಕ್ಕಿನಲ್ಲಿ ಇಲ್ಲದ ಹೆಸರೊಂದು ಗಣಕದಲ್ಲಿ ಕಂಡರೆ, ಅದನ್ನು ಬರೆದವರು ನಿಮ್ಮವರಲ್ಲ ಎಂದೇ ತಿಳಿದು ಹುಡುಕಿ.

ಬೆಂಗಳೂರು ಇಲ್ಲಿಂದ ಹೆಚ್ಚು ದೂರವಿಲ್ಲ. ಜಗತ್ತಿನ ದೊಡ್ಡ ರಕ್ಷಣಾ ತಂತ್ರಾಂಶ ಸಂಸ್ಥೆಗಳ ಅಭಿವೃದ್ಧಿ ಕೇಂದ್ರಗಳು ಅಲ್ಲಿವೆ. ಮಾಲೂರಿನಿಂದ ದಿನಾಲೂ ರೈಲು ಹತ್ತಿ ಕೆಲಸಕ್ಕೆ ಹೋಗುವವರಿದ್ದಾರೆ. ನಮ್ಮ ವಿದ್ಯಾರ್ಥಿಗಳೂ ನಾಳೆ ಆ ಕುರ್ಚಿಗಳಲ್ಲಿ ಕೂರಬಲ್ಲರು. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಈ ವಾರವೇ ನಿಮ್ಮ ಶಾಲೆಯ ಅಥವಾ ಮನೆಯ ಗಣಕವನ್ನು ತೆರೆದು, ಅದರಲ್ಲಿ ಎಷ್ಟು ಕಾವಲುಗಾರರಿದ್ದಾರೆ, ಯಾವ ಯಾವ ಬಾಗಿಲಿಗೆ ವಿನಾಯಿತಿ ಇದೆ ಎಂದು ನೋಡಿ, ನೋಟ್‌ಬುಕ್ಕಿನ ಮೊದಲ ಸಾಲನ್ನು ಬರೆಯಿರಿ.